ಮೊಟ್ಟೆಯ ಕೈ, ಹಗ್ಗದ ಕೈ

ನನ್ನ ಜಾಗಕ್ಕೆ ಬಂದ ಹುಡುಗಿ ಮೊದಲನೇ ದಿನ ಅಡುಗೆಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ವೈನಿ, ಮೊದಲು ಎಂತ ಕಲೀಬೇಕು ಹೇಳಿ" ಎಂದಳು. ನಾನು ಅಕ್ಕಿಯ ಅಳತೆ ಹೇಳಿದೆ. ಸೋಮವಾರ ಮಕ್ಕಳು ಹೆಚ್ಚು ಉಣ್ಣುತ್ತವೆ, ಒಂದು ಪಾವು ಜಾಸ್ತಿ ಹಾಕು ಎಂದೆ. ಜೋರು ಮಳೆಯ ದಿನ ಬರುವ ಮಕ್ಕಳು ಕಡಿಮೆ, ಆದರೆ ಬಂದವು ಎರಡರಷ್ಟು ಉಣ್ಣುತ್ತವೆ, ಹಾಗಾಗಿ ಅಳತೆ ಇಳಿಸಬೇಡ ಎಂದೆ. ಸಾಂಬಾರಿಗೆ ಒಗ್ಗರಣೆ ಹಾಕುವ ಮೊದಲು ಒಂದು ಸಲ ಹಿಂದೆ ತಿರುಗಿ ನೋಡು, ಯಾವುದಾದರೂ ಮಗು ಬಂದು ನಿಂತಿರುತ್ತದೆ ಎಂದೂ ಹೇಳಿದೆ. ಅವಳು ಎಲ್ಲದಕ್ಕೂ ತಲೆಯಾಡಿಸಿದಳು.

ಸಂಜೆ ಮನೆಗೆ ಬಂದು ದೇವರ ಮುಂದೆ ದೀಪ ಹಚ್ಚುವಾಗ, ಆ ಹುಡುಗಿಗೆ ಹೇಳಬೇಕಾದದ್ದನ್ನು ಹೇಳಲೇ ಇಲ್ಲವಲ್ಲ ಅನಿಸಿತು. ಅಕ್ಕಿಯ ಅಳತೆ ಹದಿನೈದು ದಿನದಲ್ಲಿ ಕೈಗೆ ತಾನೇ ಬರುತ್ತದೆ. ಬಿಸಿಯೂಟದ ಕೆಲಸದಲ್ಲಿ ಕಷ್ಟದ್ದು ಅದಲ್ಲ. ನಮ್ಮ ಅಡುಗೆಕೋಣೆಯಲ್ಲಿ ನಮ್ಮದು ಅಂತ ಇರುವುದು ನಮ್ಮ ಎರಡು ಕೈ ಮಾತ್ರ. ಅಕ್ಕಿ ಒಬ್ಬರದು, ಗ್ಯಾಸು ಒಬ್ಬರದು, ನೀರು ಮತ್ತೊಬ್ಬರದು. ಕೊಡುವವರ ಜೊತೆ ಹೇಗಿರಬೇಕು ಎನ್ನುವುದೇ ಈ ಕೆಲಸದ ಅರ್ಧ. ಅದನ್ನು ನಾನು ಒಂದು ದೊಡ್ಡ ತಪ್ಪು ಮಾಡಿ ಕಲಿತೆ. ಅದನ್ನೇ ಬರೆಯುತ್ತೇನೆ.

ನಾನು ಹುಟ್ಟಿದ್ದು ಅಂಕೋಲೆಯ ಹಿಲ್ಲೂರಿನಲ್ಲಿ. ಹತ್ತನೇ ಇಯತ್ತೆ ಮುಗಿದ ಮೇಲೆ ಮನೆ, ಮದುವೆ, ಮಕ್ಕಳು. ಯಾರಾದರೂ ಎಂತ ಮಾಡ್ತೀರಿ ಎಂದು ಕೇಳಿದರೆ ಮನೆಯಲ್ಲೇ ಇದ್ದೇನೆ ಎನ್ನುತ್ತಿದ್ದೆ. ಶಾಲೆಯಲ್ಲಿ ಅಡುಗೆಗೆ ಸೇರಿದ ಮೇಲೂ ಎಷ್ಟೋ ವರ್ಷ ಹಾಗೆಯೇ ಎನ್ನುತ್ತಿದ್ದೆ. ಮನೆಯಲ್ಲಿ ಐದು ಜನರಿಗೆ ಮಾಡುವುದನ್ನು ಅಲ್ಲಿ ಎಪ್ಪತ್ತು ಜನರಿಗೆ ಮಾಡುತ್ತೇನೆ, ಅಷ್ಟೇ ಎಂದು ನನ್ನ ಲೆಕ್ಕ. ನಮ್ಮ ಮನೆಯವರು ಮಾತ್ರ "ನಮ್ಮಲ್ಲಿ ಸರ್ಕಾರಿ ಕೆಲಸ ಇರೂದು ಇವಳಿಗೆ, ನಾನು ಬರೇ ಬಸ್ ಡಿಪೋದಂವ" ಎಂದು ಬಂದವರ ಮುಂದೆ ಹೇಳಿ ನಗುತ್ತಿದ್ದರು.

ಮೊದಲ ಎರಡು ವರ್ಷ ಅಂಕೋಲೆಯ ಹತ್ತಿರದ ಒಂದು ಶಾಲೆಯಲ್ಲಿದ್ದೆ. ಆಗ ಗ್ಯಾಸು ಬಂದಿರಲಿಲ್ಲ, ಕಟ್ಟಿಗೆಯ ಒಲೆ. ಪಕ್ಕದ ಮರದ ಮಿಲ್ಲಿನವರು ದಿಮ್ಮಿ ಕೊಯ್ದಾಗ ಉಳಿಯುವ ಸಿಪ್ಪೆ ಕಟ್ಟಿಗೆಯನ್ನು ಶಾಲೆಗೆ ಪುಕ್ಕಟೆ ಕೊಡುತ್ತಿದ್ದರು. ದೇವರಂಥ ಜನ ಎಂದು ನಾನು ದಿನಾ ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದೆ. ಮಿಲ್ಲಿನ ಲಾರಿ ಶಾಲೆಯ ಅಂಗಳದಲ್ಲಿ ನಿಲ್ಲುತ್ತಿತ್ತು. ಮಕ್ಕಳು ಲಾರಿಯ ಹಿಂದೆ ಮುಂದೆ ಉಳಿದ ಜಾಗದಲ್ಲಿ ಲಗೋರಿ ಆಡುತ್ತಿದ್ದವು. ಇವೆರಡಕ್ಕೂ ಸಂಬಂಧ ಇದೆ ಎಂದು ನನಗೆ ಹೊಳೆದೇ ಇರಲಿಲ್ಲ. ಗ್ಯಾಸು ಬಂದ ಮರುದಿನವೇ ಅಲ್ಲಿನ ಹೆಡ್ ಮಾಸ್ತರು ಮಿಲ್ಲಿಗೆ ಹೋಗಿ, ಲಾರಿ ಬೇರೆ ಕಡೆ ನಿಲ್ಲಿಸಿ ಎಂದು ಹೇಳಿ ಬಂದರು. ಎಷ್ಟು ಉಪಕಾರ ಮರೆತ ಮನುಷ್ಯ ಎಂದು ನಾನು ಮನೆಗೆ ಬಂದು ಬೈದೆ. ಆ ಮಾಸ್ತರು ಎರಡು ವರ್ಷ ಆ ಲಾರಿಯನ್ನು ಹೇಗೆ ಸಹಿಸಿದ್ದರೆಂದು ತಿಳಿಯಲು ನನಗೆ ಬಹಳ ಕಾಲ ಬೇಕಾಯಿತು.

ಆಮೇಲೆ ಮನೆಯವರಿಗೆ ಕಾರವಾರ ಡಿಪೋಕ್ಕೆ ವರ್ಗವಾಯಿತು. ಹಣಕೋಣದ ಬಸ್ಸು ಹೋಗುವ ದಾರಿಯಲ್ಲಿ, ಕಾಳಿ ನದಿಯ ದಂಡೆಯ ಒಂದು ಊರಲ್ಲಿ ಮನೆ ಮಾಡಿದೆವು. ಅಲ್ಲಿನ ಶಾಲೆಯಲ್ಲಿ ಮುಖ್ಯ ಅಡುಗೆಯವಳ ಜಾಗ ಖಾಲಿ ಇತ್ತು. ಅದೂ ದೇವಿಯ ದಯೆ. ನನ್ನ ಜೊತೆಗೆ ಸಹಾಯಕಿಯಾಗಿ ಇದ್ದವಳು ಗುಲಾಬಿ. ನನಗಿಂತ ಹತ್ತು ವರ್ಷ ಚಿಕ್ಕವಳು, ಕಡ್ಡಿಯಂಥ ಮೈ, ಆದರೆ ತುಂಬಿದ ಹಂಡೆಯನ್ನು ಒಬ್ಬಳೇ ಒಲೆಯಿಂದ ಇಳಿಸುತ್ತಿದ್ದಳು. ಬಾಯಿಗೆ ಮಾತ್ರ ಮುಚ್ಚಳ ಇರಲಿಲ್ಲ.

ಆ ಊರಿಗೆ ಹೋದ ಮೊದಲ ವರ್ಷ ಸಂಕ್ರಾಂತಿ ಕಳೆದು ಎಂಟು ದಿನವಾಗಿರಬೇಕು, ಸಾಂಬಾರಿನ ಬೇಳೆ ಬೇಯಲೇ ಇಲ್ಲ. ಒಂದು ತಾಸು ಕುದಿಸಿದೆ. ಕಲ್ಲಿನ ಹಾಗೆ ತೇಲುತ್ತಿತ್ತು. ಬೇಳೆ ಹಳತು ಬಂದಿದೆ ಎಂದು ತಿಳಿದು ಒಂದು ಚಮಚ ಸೋಡಾ ಹಾಕಿದೆ, ಆಗದಿದ್ದಕ್ಕೆ ಮತ್ತೊಂದು ಹಾಕಿದೆ. ಬೇಳೆ ಒಮ್ಮೆಲೇ ಅಂಟಾಗಿ, ಇಡೀ ಸಾಂಬಾರು ಸಾಬೂನಿನ ನೀರಿನ ಹಾಗೆ ಆಯಿತು. ಮಕ್ಕಳು ಬಾಯಿಗಿಟ್ಟು ಒಂದರ ಮುಖ ಒಂದು ನೋಡಿದವು. ಗುಲಾಬಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಬೇಳೆ ಮೇಲೆ ಎಂತಕ್ಕೆ ಸಿಟ್ಟು ವೈನಿ? ಹಟ ಮಾಡೂದು ಬೇಳೆ ಅಲ್ಲ, ನೀರು. ಸಂಕ್ರಾಂತಿ ಕಳದ್ರೆ ನಮ್ಮ ಶಾಲೆ ಬಾವಿಗೆ ಹೊಳೆ ಉಪ್ಪು ಬರ್ತದೆ. ನಿಮ್ಮ ಹಿಲ್ಲೂರಲ್ಲಿ ಸಮುದ್ರ ಇಲ್ಲ, ನಿಮಗೆ ಎಲ್ಲಿ ಗೊತ್ತಾಗಬೇಕು!"

ಸಿಹಿ ನೀರು ಇದ್ದದ್ದು ಶಾಲೆಯ ಮೇಲಿನ ದಿನ್ನೆಯಲ್ಲಿ, ದೇವಿಯ ಗುಡಿಯ ಬಾವಿಯಲ್ಲಿ. ನಳದ ನೀರಿನ ಪೈಪು ಊರಿನ ತಿರುವಿನವರೆಗೆ ಬಂದಿತ್ತು, ನೀರು ಇನ್ನೂ ಹೊರಟಿರಲಿಲ್ಲ. ಹಾಗಾಗಿ ಸಂಕ್ರಾಂತಿಯಿಂದ ಬೇಸಿಗೆ ರಜೆಯವರೆಗೆ ಗುಡಿಯ ಬಾವಿಯೇ ಶಾಲೆಯ ಒಲೆಗೆ ಆಧಾರ. ದೇವಿಯ ಅಭಿಷೇಕದ ನೀರು ಅದೇ ಬಾವಿಯದು, ಅದಕ್ಕೇ ಪಂಪು ಕೂರಿಸಿರಲಿಲ್ಲ. ಗಡಗಡೆ, ಹಗ್ಗ, ಕೊಡಪಾನ. ಗುಡಿಯವರು ಒಂದು ದಿನವೂ ಇಲ್ಲ ಎಂದವರಲ್ಲ. ಬೆಳಿಗ್ಗೆ ನಾನೂ ಗುಲಾಬಿಯೂ ಹನ್ನೆರಡು ಕೊಡ ನೀರು ಇಳಿಸಿ ತರುತ್ತಿದ್ದೆವು. ಗುಲಾಬಿ ಮದುವೆಯಾಗಿ ಬಂದ ದಿನದಿಂದ ಆ ಬಾವಿಯಲ್ಲಿ ನೀರು ಎಳೆದವಳು. ಅವಳು ಎಳೆದರೆ ಕೊಡದಿಂದ ಹನಿ ಚೆಲ್ಲುತ್ತಿರಲಿಲ್ಲ. ನಾನು ಎಳೆದರೆ ಕಾಲಿನವರೆಗೆ ಸೀರೆ ಒದ್ದೆ.

ಹೀಗೆ ಎಷ್ಟೋ ವರ್ಷ ನಡೆಯಿತು. ಆಮೇಲೆ ಮಕ್ಕಳಿಗೆ ಮೊಟ್ಟೆ ಕೊಡಬೇಕೆಂದು ಸರ್ಕಾರದ ಆದೇಶ ಬಂತು. ಬೇಡ ಎನ್ನುವ ಮಕ್ಕಳಿಗೆ ಬಾಳೆಹಣ್ಣು. ಅದೇ ವರ್ಷ ವಿಜಯಾ ಅಕ್ಕೋರು ಹೆಡ್ ಆಗಿ ಬಂದರು. ಸಣ್ಣ ದನಿ, ದೊಡ್ಡ ಕನ್ನಡಕ, ಯಾರಿಗೂ ಜೋರು ಮಾಡಿದ್ದು ನಾನು ಕೇಳಿಲ್ಲ. ಊಟಕ್ಕೆ ಮೊದಲು ರುಚಿ ನೋಡಿ ಪುಸ್ತಕದಲ್ಲಿ ಸಹಿ ಮಾಡುವ ನಿಯಮ ಇದೆಯಲ್ಲ, ಅದನ್ನು ಬಹಳ ಜನ ಅಕ್ಕೋರು ಮಾಸ್ತರರು ಕೂತಲ್ಲಿಂದಲೇ ಸಹಿ ಹಾಕಿ ಮುಗಿಸುತ್ತಾರೆ. ಇವರು ನಮ್ಮ ಒಲೆಯ ಹತ್ತಿರ ಬಂದು, ನಿಂತುಕೊಂಡು, ಎರಡು ತುತ್ತು ಉಂಡು, ಆಮೇಲೆ ಬರೆಯುತ್ತಿದ್ದರು. "ಚೆನ್ನಾಗಿದೆ" ಎಂದು ಬರೆಯುವವರಲ್ಲ. "ಹುಣಸೆಹಣ್ಣು ಸ್ವಲ್ಪ ಮುಂದೆ" ಎಂದು ಬರೆಯುವವರು. ನನಗೆ ಅವರ ಮೇಲೆ ಭಕ್ತಿ ಹುಟ್ಟಿದ್ದು ಅಲ್ಲಿಂದಲೇ.

ಜನವರಿ ಕೊನೆಗೆ ಅವರು ಚುನಾವಣೆಯ ಕೆಲಸಕ್ಕೆಂದು ಎರಡು ಮೂರು ವಾರ ಕಾರವಾರಕ್ಕೆ ಹೋಗಿದ್ದರು. ಆಗ ಒಂದು ಬೆಳಿಗ್ಗೆ ಗುಡಿಯ ಮೊಕ್ತೇಸರರಾದ ವಿಠೋಬಣ್ಣ ಬಾವಿಕಟ್ಟೆಯ ಮೇಲೆ ನನ್ನನ್ನು ನಿಲ್ಲಿಸಿದರು. ಒಳ್ಳೆಯ ಮನುಷ್ಯ. ಊರಿನ ಎಷ್ಟೋ ಮನೆಯ ಜಗಳ ಅವರ ಚಾವಡಿಯಲ್ಲೇ ಮುಗಿಯುತ್ತಿತ್ತು.

"ತಂಗಿ, ಮಕ್ಕಳಿಗೆ ಮೊಟ್ಟೆ ಕೊಡೂದಕ್ಕೆ ನಂದೇನೂ ಅಡ್ಡಿಲ್ಲ. ಆದ್ರೆ ಈ ನೀರು ದೇವಿ ಮೈಮೇಲೆ ಬೀಳೂ ನೀರು. ಮೊಟ್ಟೆ ಮುಟ್ಟಿದ ಕೈ ಹಗ್ಗ ಮುಟ್ಟೂದು ಬೇಡ. ನಿಮ್ಮಲ್ಲಿ ಇಬ್ರು ಇದ್ರಲ್ಲ, ಒಬ್ರು ನೀರು ನೋಡ್ಕಳ್ಳಿ, ಒಬ್ರು ಮೊಟ್ಟೆ ನೋಡ್ಕಳ್ಳಿ. ಆಗೂದಿಲ್ವನಾ?"

ನನಗೆ ಅದರಲ್ಲಿ ತಪ್ಪು ಕಾಣಲಿಲ್ಲ. ನಿಜ ಹೇಳಬೇಕೆಂದರೆ ಸಂತೋಷವೇ ಆಯಿತು. ನೀರು ನಿಲ್ಲಿಸಿ ಎನ್ನಲಿಲ್ಲವಲ್ಲ, ಇಷ್ಟರಲ್ಲೇ ಮುಗಿಯಿತಲ್ಲ ಎಂದು ದೇವಿಗೆ ಅಲ್ಲೇ ಕೈ ಮುಗಿದೆ. "ಹಾಗೇ ಆಗಲಿ ಅಣ್ಣ" ಎಂದೆ. ಅಕ್ಕೋರನ್ನು ಕೇಳಲಿಲ್ಲ, ಗುಲಾಬಿಯನ್ನು ಕೇಳಲಿಲ್ಲ. ಹಗ್ಗದ ಕೈ ನನ್ನದು, ಮೊಟ್ಟೆಯ ಕೈ ಗುಲಾಬಿಯದು ಎಂದು ನಾನೇ ಹಂಚಿ ಬಂದೆ. ಮೊಟ್ಟೆ ಬೇಯಿಸಲು ನಮ್ಮ ಶಾಲೆಯ ಉಪ್ಪು ನೀರು ಸಾಕಿತ್ತು. ಉಪ್ಪು ನೀರಲ್ಲಿ ಬೆಂದ ಮೊಟ್ಟೆಯ ಸಿಪ್ಪೆ ಸಲೀಸಾಗಿ ಬಿಡುತ್ತದೆ ಕೂಡ. ಎಲ್ಲವೂ ಎಷ್ಟು ಸುಸೂತ್ರವಾಗಿ ಹೊಂದಿತು ಎಂದುಕೊಂಡೆ.

ಗುಲಾಬಿ ಕೇಳಿ ಸೌಟು ಕೆಳಗಿಟ್ಟಳು.

"ಗುಡಿ ಹಿಂದಿನ ಜಟಗ ದೇವರಿಗೆ ವರ್ಷಾ ಕೋಳಿ ಆಗ್ತದೆ. ಮೊಟ್ಟೆ ಆಗೂದಿಲ್ವನಾ?" ಎಂದಳು.

"ಹಾಗೆಲ್ಲ ಮಾತಾಡಬೇಡ ಮಾರಾಯ್ತಿ, ದೇವರ ವಿಷಯ."

"ನಿಮ್ಮನೇಲಿ ನಿನ್ನೆ ಬಂಗಡೆ ಸಾರು ಮಾಡಿದ್ರಿ. ವಾಸನೆ ನಮ್ಮನೆವರೆಗೆ ಬಂದಿತ್ತು. ಆ ಕೈ ಹಗ್ಗ ಹಿಡೀಬಹುದಾ?"

"ನಾನು ಸ್ನಾನ ಮಾಡಿ ಬರ್ತೆ."

"ನಾ ಎಂತ, ಸ್ನಾನ ಮಾಡ್ದೆ ಬರ್ತೆನಾ?"

ಅವಳು ಮೊಟ್ಟೆಯ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಒಮ್ಮೆ ಹೂಂ ಎಂದ ಮೇಲೆ ಮುಂದಿನದಕ್ಕೆ ಅಲ್ಲ ಎನ್ನಲು ಬಾಯಿ ಬರುವುದಿಲ್ಲ. ಒಂದು ವಾರ ಕಳೆದ ಮೇಲೆ, ಸೋಮವಾರ ಮೊಟ್ಟೆ ಬೇಡ ಎಂದು ಗುಡಿಯಿಂದ ಹೇಳಿಕೆ ಬಂತು. ಸೋಮವಾರ ನಾನೂ ಮೀನು ತಿನ್ನುವವಳಲ್ಲ, ಸರಿ ಎಂದೆ. ಆಮೇಲೆ ಸಂಕಷ್ಟಿ. ಆಮೇಲೆ ದೇವಿಯ ವಾರವೆಂದು ಮಂಗಳವಾರ ಮೊಟ್ಟೆಯೂ ಇಲ್ಲ, ಸಾಂಬಾರಿಗೆ ನೀರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಆಮೇಲೆ ನೀರಿಗೆ ಹೋದವಳು ಹಾಗೇ ಬಾವಿಕಟ್ಟೆ ಗುಡಿಸಿ ಹೋಗಲಿ. ಒಂದೊಂದೂ ಸಣ್ಣದು, ಒಂದೊಂದನ್ನೂ ಅವರು ನಯವಾಗಿಯೇ ಕೇಳಿದರು. ನಾನೂ ಪುಣ್ಯದ ಕೆಲಸವೆಂದೇ ಮಾಡಿದೆ. ವಾರದಲ್ಲಿ ಮೊಟ್ಟೆಯ ದಿನ ಎರಡು ಕಡಿಮೆಯಾದದ್ದು ನನ್ನ ಲಕ್ಷ್ಯಕ್ಕೆ ಬರಲಿಲ್ಲ. ಊರಿನ ಕೆಲವರು ಗುಲಾಬಿಯನ್ನು "ಮೊಟ್ಟೆ ಗುಲಾಬಿ" ಎಂದು ಕರೆಯತೊಡಗಿದ್ದೂ, ಬಾವಿಯ ಹತ್ತಿರ ಅವಳು ಬರೇ ನಿಂತರೂ ಯಾರಾದರೂ "ಓಯ್" ಎನ್ನುತ್ತಿದ್ದದ್ದೂ ಗೊತ್ತಾದದ್ದು ಆಮೇಲೆ. ಅವಳು ಗುಡಿಗೆ ಹೋಗುವುದನ್ನೂ ಬಿಟ್ಟಿದ್ದಳು.

ಅಕ್ಕೋರು ಮರಳಿ ಬಂದು ಪುಸ್ತಕ ತಿರುವಿದರು. ಮೊಟ್ಟೆಯ ಸಾಲಿನಲ್ಲಿ ಒಂದಾದ ಮೇಲೊಂದು ಅಡ್ಡಗೆರೆ.

"ಇದು ಯಾರ ವೇಳಾಪಟ್ಟಿ?"

"ಗುಡಿಯವರದ್ದು ಅಕ್ಕೋರೆ. ನೀರು ಅವರದಲ್ವಾ..."

ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಹಂಗಾದ್ರೆ ಈ ಶಾಲೆಗೆ ಹೆಡ್ಡು ಯಾರು, ನಾನಾ, ವಿಠೋಬಣ್ಣನಾ?" ಎಂದರು. ಬೈದದ್ದಲ್ಲ, ನಿಜವಾಗಿಯೇ ಕೇಳಿದ ಹಾಗಿತ್ತು. ನನಗೆ ಬೈದಿದ್ದರೇ ಚೆನ್ನಾಗಿತ್ತು.

"ನೀರು ಕೊಟ್ಟದ್ದಕ್ಕೆ ಕೈ ಮುಗಿಯಿರಿ, ನಾನೂ ಮುಗೀತೇನೆ" ಎಂದರು. "ಆದ್ರೆ ನೀರು ಬರೂದು ಒಂದೇ ಕಡೆಯಿಂದ ಅಂತ ಅವರಿಗೂ ಗೊತ್ತು, ನಿಮಗೂ ಗೊತ್ತು. ಅದಕ್ಕೇ ಅವರು ಕೇಳ್ತಾರೆ, ನೀವು ಹೂಂ ಅಂತೀರಿ. ವಿಠೋಬಣ್ಣ ಕೆಟ್ಟವರು ಅಂತ ಅಲ್ಲ. ಅವರ ಜಾಗದಲ್ಲಿ ಕೂತ್ರೆ ನೀವೂ ಕೇಳ್ತಿದ್ರಿ."

ಮರುದಿನ ಗುಲಾಬಿ ನನ್ನ ಹತ್ತಿರ ಬಂದು, "ವೈನಿ, ಶಿವರಾತ್ರಿ ಕಳೀಲಿ, ನಾ ಕೆಲಸ ಬಿಡ್ತೆ. ಬೇರೆ ಯಾರನ್ನಾದ್ರೂ ನೋಡ್ಕಳ್ಳಿ" ಎಂದಳು. ನಾನು ಎಷ್ಟು ಹೇಳಿದರೂ ಕೇಳಲಿಲ್ಲ. "ಮಕ್ಕಳ ಹೊಟ್ಟೆಗೆ ಹಾಕೂ ಕೈ ನಂದು. ಹೊಲಸು ಕೈ ಅಂತ ಊರೆಲ್ಲ ಹೇಳಿಸ್ಕೊಂಡು ಇಲ್ಲಿ ಎಂತಕ್ಕೆ ಇರ್ಲಿ?" ಆ ಮಾತು ಊರಿನ ಬಾಯಿಗೆ ಬರುವ ದಾರಿ ಮಾಡಿಕೊಟ್ಟವಳು ನಾನು. ಅಂದು ದೀಪದ ಮುಂದೆ ಬೇರೇನೂ ಕೇಳಿಕೊಳ್ಳಲಿಲ್ಲ. ಇವಳು ಹೋಗುವ ಹಾಗೆ ಮಾಡಬೇಡ ತಾಯಿ ಎಂದಷ್ಟೇ ಕೇಳಿಕೊಂಡೆ.

ಶಿವರಾತ್ರಿಗೆ ನಾಲ್ಕು ದಿನ ಇರುವಾಗ ಗಂಜಿಯ ಹಬೆ ತಾಗಿ ನನ್ನ ಬಲಗೈ ಸುಟ್ಟಿತು. ಮರುದಿನ ಬೆಳಿಗ್ಗೆ ಕೈಗೆ ಬಟ್ಟೆ ಸುತ್ತಿಕೊಂಡು ಬಾವಿಗೆ ಹೋದೆ, ಹಗ್ಗ ಹಿಡಿಯಲು ಆಗಲಿಲ್ಲ. ಎಡಗೈಯಲ್ಲಿ ಎಳೆದೆ, ಕೊಡ ಅರ್ಧಕ್ಕೆ ಬಂದು ಜಾರಿ ಬಿತ್ತು. ಶಾಲೆಯ ಗಂಟೆ ಹೊಡೆಯಿತು. ದಿನ್ನೆಯ ಕೆಳಗೆ ನಿಂತಿದ್ದ ಗುಲಾಬಿ ಚಪ್ಪಲಿ ಬಿಟ್ಟು, ಕೈಕಾಲು ತೊಳೆದುಕೊಂಡು ಮೇಲೆ ಬಂದಳು. ನನ್ನನ್ನು ಪಕ್ಕಕ್ಕೆ ಸರಿಸಿ ಹಗ್ಗ ಹಿಡಿದಳು. ಹನ್ನೆರಡು ಕೊಡ, ಒಂದಾದ ಮೇಲೊಂದು. ಗುಡಿಯ ಭಟ್ಟರು ಹೂವಿನ ಬುಟ್ಟಿ ಹಿಡಿದುಕೊಂಡು ನೋಡುತ್ತಾ ನಿಂತರು. ಆಮೇಲೆ ವಿಠೋಬಣ್ಣನ ಮನೆಯ ಕಡೆ ನಡೆದರು.

ಮರುದಿನ ನಾವು ಹೋಗುವಾಗ ಬಾವಿಯ ಮೇಲೆ ಕಬ್ಬಿಣದ ಜಾಳಿಗೆ ಮುಚ್ಚಿ ಬೀಗ ಹಾಕಿತ್ತು. ಅಲ್ಲಿಂದಲೇ ಮನೆಗೆ ಹೊರಟ ಗುಲಾಬಿಯನ್ನು ನಾನು ಸುಟ್ಟ ಕೈಯಲ್ಲೇ ಹಿಡಿದೆಳೆದು ಅಕ್ಕೋರ ಮುಂದೆ ತಂದು ನಿಲ್ಲಿಸಿದೆ. ಅವಳ ಕಣ್ಣಲ್ಲಿ ನೀರು. "ನನ್ನಿಂದಾಗಿ ಮಕ್ಕಳ ಊಟ ಹೋಯ್ತು ಅಕ್ಕೋರೆ. ಇವತ್ತೇ ಬಿಡ್ತೆ" ಎಂದಳು.

ಆ ಹೊತ್ತಿನಲ್ಲಿ ವಿಜಯಾ ಅಕ್ಕೋರು ಕೇಳಿದ ಪ್ರಶ್ನೆ ನನಗೆ ಇಂದಿಗೂ ಸೋಜಿಗ. ಯಾರು ಬೀಗ ಹಾಕಿದ್ದು ಎಂದು ಕೇಳಲಿಲ್ಲ. "ಉಪ್ಪು ನೀರಲ್ಲಿ ಎಂತೆಂತ ಬೇಯ್ತದೆ ಗುಲಾಬಿ?" ಎಂದು ಕೇಳಿದರು.

ಗುಲಾಬಿ ಮೂಗು ಒರೆಸಿಕೊಂಡು, "ಗಂಜಿ ಬೇಯ್ತದೆ. ಮೊಟ್ಟೆ ಬೇಯ್ತದೆ" ಎಂದಳು.

"ಹಂಗಾದ್ರೆ ಇವತ್ತು ಅದೇ ಮಾಡು. ನಾಳೆದು ನಾಳೆ ನೋಡುವ. ಬಿಡೂದಿದ್ರೆ ನಾಡಿದ್ದು ಬಿಡು."

ಅಂದು ಗಂಜಿ, ಮೊಟ್ಟೆ, ನಮ್ಮ ಮನೆಯಿಂದ ತಂದ ಮಿಡಿ ಉಪ್ಪಿನಕಾಯಿ. ಗಂಜಿಗೆ ಉಪ್ಪು ಹಾಕುವ ಕೆಲಸವೇ ಇರಲಿಲ್ಲ. ಮಕ್ಕಳಿಗೆ ಹಬ್ಬ, ಎರಡನೇ ಸಲ ಹಾಕಿಸಿಕೊಂಡವು. ಅಕ್ಕೋರು ರುಚಿಯ ಪುಸ್ತಕದಲ್ಲಿ "ಉಪ್ಪು ನದಿಯಿಂದ" ಎಂದು ಬರೆದು ಸಹಿ ಮಾಡಿದರು.

ಶಾಲೆ ಬಿಡುವಾಗ ಅವರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹೇಳಿದರು: "ದಿನಾ ಕುಡೀಲಿಕ್ಕೆ ಒಂದು ಬಾಟ್ಲಿ ನೀರು ತರ್ತೀರಿ. ನಾಳೆಯಿಂದ ಮನೆಯಲ್ಲಿ ಸಿಹಿ ನೀರು ಇದ್ದವರು ಇನ್ನೊಂದು ಬಾಟ್ಲಿ ಹೆಚ್ಚು ತನ್ನಿ. ಸಾಂಬಾರಿಗೆ." ಗುಡಿಯ ಹೆಸರು ಎತ್ತಲಿಲ್ಲ, ಬೀಗದ ಮಾತಿಲ್ಲ. ಊರಿಗೆ ಅರ್ಜಿ ಬರೆಯಲಿಲ್ಲ, ಕಾರವಾರದ ಕಚೇರಿಗೆ ಓಡಲಿಲ್ಲ.

ನನಗೆ ನಂಬಿಕೆ ಇರಲಿಲ್ಲ. ಬಾಟ್ಲಿಯಲ್ಲಿ ಬಂದ ನೀರಲ್ಲಿ ಎಪ್ಪತ್ತು ಮಕ್ಕಳಿಗೆ ಸಾಂಬಾರೇ? ಮರುದಿನ ಬೆಳಿಗ್ಗೆ ಅಡುಗೆಕೋಣೆಯ ಬಾಗಿಲಲ್ಲಿ ಸಾಲು ನಿಂತಿತು. ಒಬ್ಬೊಬ್ಬರೂ ಬಂದು ಹಂಡೆಗೆ ಗಳಗಳ ಹೊಯ್ದು ಹೋದರು. ನದಿಯ ದಂಡೆಯ ಮನೆಗಳಲ್ಲಿ ಸಿಹಿ ನೀರಿಲ್ಲ, ಅಲ್ಲಿನ ಮಕ್ಕಳು ಬರಿಗೈಯಲ್ಲಿ ಹಿಂದೆ ನಿಂತಿದ್ದವು. ಅಕ್ಕೋರು ಅವರನ್ನೇ ಕರೆದು, ಉಳಿದವರ ಬಾಟ್ಲಿ ತೆಗೆದುಕೊಂಡು ಹಂಡೆಗೆ ಹೊಯ್ಯುವ ಕೆಲಸ ಕೊಟ್ಟರು. ಅವು ಎದೆ ಉಬ್ಬಿಸಿಕೊಂಡು ಹೊಯ್ದವು. ಹಂಡೆ ತುಂಬಿತು. ಬೇಳೆ ಬೆಣ್ಣೆಯ ಹಾಗೆ ಬೆಂದಿತು. ನಾನು ಸೌಟು ಹಿಡಿದು ಅತ್ತೆ. ಎಷ್ಟು ಮನೆಯ ದೇವರು ಆ ಹಂಡೆಯಲ್ಲಿ ಬಂದು ಕೂತಿದ್ದಾರೆ ಅನಿಸಿತು.

ಗುಲಾಬಿ "ನಾಡಿದ್ದು ಬಿಡ್ತೆ" ಎಂದು ದಿನಾ ಹೇಳುತ್ತಾ ದಿನಾ ಬಂದಳು. ಮೊಟ್ಟೆಯ ದಿನಗಳು ಮೊದಲಿನ ಹಾಗಾದವು.

ಮೂರನೆಯ ದಿನವೋ ನಾಲ್ಕನೆಯ ದಿನವೋ ಸಾಲಿನಲ್ಲಿ ವಿಠೋಬಣ್ಣನ ಮೊಮ್ಮಗಳು ಎರಡು ಬಾಟ್ಲಿ ಹಿಡಿದು ನಿಂತಿದ್ದಳು.

"ನಿಮ್ಮಜ್ಜಂಗೆ ಗೊತ್ತುಂಟನಾ?" ಎಂದು ಗುಲಾಬಿ ಕೇಳಿದಳು.

"ಎರಡು ಬಾಟ್ಲಿ ಎಂತಕ್ಕೆ ಅಂತ ಕೇಳ್ದ. ಶಾಲೆ ಸಾಂಬಾರಿಗೆ ಅಂದೆ."

"ಎಂತ ಅಂದ್ರು?"

"ಮುಚ್ಚಳ ಗಟ್ಟಿ ಹಾಕು, ಚೀಲ ಒದ್ದೆ ಆಗ್ತದೆ ಅಂದ."

ಗುಲಾಬಿ ಆ ಎರಡು ಬಾಟ್ಲಿಯ ನೀರನ್ನೂ ಎಲ್ಲದರ ಹಾಗೆಯೇ ಹಂಡೆಗೆ ಹೊಯ್ದಳು.

ಫಾಲ್ಗುಣದಲ್ಲಿ ಗುಡಿಯ ವರ್ಧಂತಿ, ಅಂದು ಊರಿಗೆಲ್ಲ ಊಟ. ಗುಡಿಯಲ್ಲಿ ತಾಮ್ರದ ದೊಡ್ಡ ಹಂಡೆಗಳಿದ್ದವು, ಆದರೆ ಕಲಾಯಿ ಹೋಗಿ ಎಷ್ಟೋ ವರ್ಷ. ಕಲಾಯಿ ಹಾಕುವವರು ನಮ್ಮ ಕಡೆ ಈಗ ಬರುವುದೇ ಇಲ್ಲ. ಹುಳಿ ಹಾಕಿದ್ದನ್ನು ಅದರಲ್ಲಿ ಬೇಯಿಸಿದರೆ ಊರೆಲ್ಲ ಆಸ್ಪತ್ರೆಗೆ. ಹಾಗಾಗಿ ಪ್ರತಿ ವರ್ಷ ಶಾಲೆಯ ಸ್ಟೀಲಿನ ಪಾತ್ರೆಗಳೇ ಮೇಲೆ ಹೋಗುತ್ತಿದ್ದವು. ಈ ವರ್ಷವೂ ವಿಠೋಬಣ್ಣ ಬರಲೇಬೇಕು ಎಂದು ಲೆಕ್ಕ ಹಾಕಿ ನಾನು ಒಳಗೊಳಗೇ ಖುಷಿಪಟ್ಟೆ. ಅಕ್ಕೋರ ಹತ್ತಿರ ಹೋಗಿ, "ಈಗ ಸಿಕ್ಕಿದ್ರು ನೋಡಿ ಅಕ್ಕೋರೆ. ಬಾವಿ ತೆಗೀರಿ, ಪಾತ್ರೆ ಕೊಡ್ತೇವೆ ಅನ್ನಿ" ಎಂದೆ.

"ಹಂಗೆ ಅಂದ್ರೆ ತೆಗೀತಾರೆ" ಎಂದರು ಅಕ್ಕೋರು. "ಪಾತ್ರೆ ವಾಪಸ್ ಬಂದ ಮರುದಿನ ಮತ್ತೆ ಹಾಕ್ತಾರೆ. ಅವರು ನಮಗೆ ಮಾಡಿದ್ದನ್ನೇ ನಾವು ಅವರಿಗೆ ಮಾಡಿದ್ರೆ, ಮುಂದಿನ ಸಲದ ಸರದಿ ಅವರದು. ಪಾತ್ರೆ ಕೊಡುವ, ಏನೂ ಕೇಳೂದು ಬೇಡ. ಆದ್ರೆ ಪಾತ್ರೆಯ ಉಸ್ತುವಾರಿ ಗುಲಾಬಿದು. ಕೇಳೂದಿದ್ರೆ ಅವಳನ್ನ ಕೇಳಲಿ."

ಉಸ್ತುವಾರಿ ಗುಲಾಬಿಯದು ಎಂದು ಆ ಕ್ಷಣದವರೆಗೆ ನನಗೂ ಗೊತ್ತಿರಲಿಲ್ಲ, ಗುಲಾಬಿಗೂ ಗೊತ್ತಿರಲಿಲ್ಲ.

ವರ್ಧಂತಿಯ ಹಿಂದಿನ ಮಧ್ಯಾಹ್ನ ವಿಠೋಬಣ್ಣ ಬಂದರು. ಅಕ್ಕೋರು ಕುರ್ಚಿ ಕೊಟ್ಟು, ಮಜ್ಜಿಗೆ ತರಿಸಿ, "ಪಾತ್ರೆ ಎಲ್ಲ ಒಯ್ಯಿರಿ ವಿಠೋಬಣ್ಣ, ದೇವಿ ಕೆಲಸ. ಗುಲಾಬಿಗೆ ಒಂದು ಮಾತು ಹೇಳಿ, ಅವಳು ತೆಗೆದುಕೊಡ್ತಾಳೆ" ಎಂದು ಪಾಠಕ್ಕೆ ಹೋದರು. ಅವರು ಮಜ್ಜಿಗೆಯ ಲೋಟ ಹಿಡಿದೇ ಅಡುಗೆಕೋಣೆಯ ಮೆಟ್ಟಿಲ ಹತ್ತಿರ ಬಂದರು. ಒಳಗೆ ಗುಲಾಬಿ ಹಂಡೆ ಉಜ್ಜುತ್ತಿದ್ದಳು. ನಾನು ಅಕ್ಕಿ ಆರಿಸುವ ನೆಪದಲ್ಲಿ ಮೂಲೆಯಲ್ಲಿ ಕೂತೆ.

"ಗುಲಾಬಿ, ನಾಳಿಗೆ ಪಾತ್ರೆ ಬೇಕಿತ್ತು."

"ಒಯ್ಯಿರಿ ಅಣ್ಣ. ಎಷ್ಟು ಬೇಕು?"

"ಮೂರು ಹಂಡೆ, ಎರಡು ಬೋಗುಣಿ."

"ಹೇಳೂದು ಹೇಳ್ತೆ, ಆಮೇಲೆ ಹೇಳಲಿಲ್ಲ ಅನ್ನಬೇಡಿ. ಈ ಮೂರರಲ್ಲೂ ಮೊಟ್ಟೆ ಬೇಯ್ಸಿದ್ದೆ."

ವಿಠೋಬಣ್ಣ ಲೋಟ ಕೆಳಗಿಟ್ಟರು. ನಾನು ಅಕ್ಕಿಯ ಮೊರ ಅಲ್ಲಾಡಿಸುವುದನ್ನು ನಿಲ್ಲಿಸಿದೆ.

"ತೊಳ್ದೀಯಲ್ಲ?" ಎಂದರು.

"ತೊಳ್ದೆ. ಇದೇ ಕೈಯಲ್ಲಿ."

ಅವರು ಬಹಳ ಹೊತ್ತು ಆ ಹಂಡೆಯನ್ನು ನೋಡಿದರು. ಹಿಂದಿನ ವರ್ಷ ಕೊಂಡುಹೋದದ್ದೂ ಅವೇ ಹಂಡೆಗಳು, ತೊಳೆದುಕೊಟ್ಟವಳೂ ಅವಳೇ. ಅದು ಅವರಿಗೂ ನೆನಪಾಗಿರಬೇಕು.

"ಉಪ್ಪು ನೀರಲ್ಲಿ ತೊಳ್ದದ್ದು" ಎಂದಳು ಗುಲಾಬಿ, ಮೆಲ್ಲಗೆ. "ದೇವಿ ಅಡುಗೆಗೆ ಸಿಹಿ ನೀರಲ್ಲಿ ಮತ್ತೊಮ್ಮೆ ತೊಳೀಬೇಕು. ಯಾರ ಹತ್ರ ತೊಳೆಸ್ತ್ರಿ, ಅದು ನಿಮಗೆ ಬಿಟ್ಟದ್ದು."

ವಿಠೋಬಣ್ಣ ಸೊಂಟದಿಂದ ಕೀಲಿ ತೆಗೆದು ಮೆಟ್ಟಿಲ ಮೇಲೆ ಇಟ್ಟರು. "ನೀನೇ ತೊಳಿ. ಬಾವಿಕಟ್ಟೆ ಮೇಲೇ ತೊಳಿ" ಎಂದರು. ಆಮೇಲೆ, ನೆಲ ನೋಡುತ್ತಾ, "ನಂಗೆ ನೀರಿನ ಮಡಿ ಕಾಯೂದಷ್ಟೇ ಮನಸ್ಸಲ್ಲಿ ಇತ್ತು. ಜನ ನಿನಗೆ ಹೆಸರಿಟ್ಟು ಕರೀತಾರೆ ಅಂತ ಮೊಮ್ಮಗಳು ಹೇಳಿದ ಮೇಲೇ ಗೊತ್ತಾದದ್ದು. ಕೀಲಿ ನಿನ್ನ ಹತ್ರವೇ ಇರ್ಲಿ" ಎಂದರು.

ಗುಲಾಬಿ ಕೀಲಿಯನ್ನು ನೋಡಿದಳು, ಮುಟ್ಟಲಿಲ್ಲ. "ನಂಗೆ ಕೀಲಿ ಬೇಡ ಅಣ್ಣ. ನಾಳೆ ನಾನೇ ಮತ್ತೊಬ್ಬರಿಗೆ ಬೇಡ ಅಂದ್ರೆ? ಬೀಗ ತೆಗೀರಿ, ಅಷ್ಟು ಸಾಕು."

ಎಂಥ ದೊಡ್ಡ ಮಾತು ಹೇಳಿದಳು ಎಂದು ಅವಳಿಗೆ ಗೊತ್ತಿತ್ತೋ ಇಲ್ಲವೋ. ವಿಠೋಬಣ್ಣ ಒಮ್ಮೆ ನಕ್ಕು, ಕೀಲಿ ಎತ್ತಿಕೊಂಡು, ದಿನ್ನೆ ಹತ್ತಿ ಹೋದರು. ಸಂಜೆ ನೋಡುವಾಗ ಜಾಳಿಗೆಯೇ ಬಾವಿಯ ಮೇಲಿರಲಿಲ್ಲ, ಗುಡಿಯ ಗೋಡೆಗೆ ಒರಗಿಸಿ ಇಟ್ಟಿದ್ದರು.

ಅಕ್ಕೋರು ಮಾತ್ರ ಬಾಟ್ಲಿಯ ಸಾಲು ನಿಲ್ಲಿಸಲಿಲ್ಲ. ವಾರಕ್ಕೆ ಎರಡು ದಿನ ಮಕ್ಕಳ ನೀರು, ಉಳಿದ ದಿನ ಬಾವಿಯ ನೀರು. ಬಾವಿ ತೆರೆದಿದೆಯಲ್ಲ ಅಕ್ಕೋರೆ ಎಂದರೆ, "ತೆರೆದೇ ಇರಲಿ ಅಂತಲೇ" ಎಂದರು. ಗುಡಿಯಿಂದ ಆಮೇಲೆ ಯಾವ ಹೇಳಿಕೆಯೂ ಬರಲಿಲ್ಲ. ಸೋಮವಾರ ಮೊಟ್ಟೆ ಬೇಡ ಎನ್ನುವ ಮಕ್ಕಳು ಬಾಳೆಹಣ್ಣು ತಿಂದವು, ಬೇಕು ಎನ್ನುವವು ಮೊಟ್ಟೆ ತಿಂದವು. ಬಾವಿಕಟ್ಟೆಯನ್ನು ನಾನು ಈಗಲೂ ಮಂಗಳವಾರ ಗುಡಿಸುತ್ತೇನೆ. ಯಾರೋ ಹೇಳಿದ್ದಕ್ಕಲ್ಲ, ದೇವಿಗೆ ಎಂದು.

ಹೊಸದಾಗಿ ಬಂದವಳೇ, ನಿನಗೆ ಕೊಡುವವರು ಬಹಳ ಜನ ಸಿಗುತ್ತಾರೆ, ಬಹುಪಾಲು ಒಳ್ಳೆಯವರೇ. ತೆಗೆದುಕೊಳ್ಳುವಾಗ ಎರಡೂ ಕೈ ಒಡ್ಡು. ಆದರೆ ಅಡುಗೆಕೋಣೆಯ ಪರವಾಗಿ ಹೂಂ ಅನ್ನುವ ಮೊದಲು, ಆ ಹೂಂ ಯಾರ ತಲೆಯ ಮೇಲೆ ಬೀಳುತ್ತದೆ ಎಂದು ನೋಡು. ನನ್ನದು ನನ್ನ ತಲೆಯ ಮೇಲೆ ಬಿದ್ದಿರಲಿಲ್ಲ, ಅದಕ್ಕೇ ನನಗೆ ಹಗುರ ಅನಿಸಿತ್ತು.

ಆ ವರ್ಷದ ವರ್ಧಂತಿಯ ಬೆಳಿಗ್ಗೆ ನಾವಿಬ್ಬರೂ ಹಂಡೆ ಹೊತ್ತು ದಿನ್ನೆ ಹತ್ತಿದೆವು. ಬಾವಿಕಟ್ಟೆಯ ಮೇಲೆ ಹೂವು ಕಟ್ಟುವವರು, ತೆಂಗಿನಕಾಯಿ ತುರಿಯುವವರು, ಊರಿನ ಅರ್ಧ ಹೆಂಗಸರು ಇದ್ದರು. ಗುಲಾಬಿ ಕೈಕಾಲು ತೊಳೆದು, ದೇವಿಯ ಕಡೆ ತಿರುಗಿ ಕೈ ಮುಗಿದು, ಹಗ್ಗ ಬಿಟ್ಟಳು. ಯಾರೂ "ಓಯ್" ಅನ್ನಲಿಲ್ಲ. ಕೊಡ ನೀರಿಗೆ ಬಿದ್ದ ಸದ್ದು ಕೇಳಿ ನನಗೆ ಇನ್ನು ತಡೆಯಲಾಗಲಿಲ್ಲ.

"ತಪ್ಪಾಯ್ತು ಗುಲಾಬಿ" ಎಂದೆ. "ನಿನ್ನನ್ನು ಒಂದು ಮಾತು ಕೇಳದೆ ನಾನು..."

ಅವಳು ತುಂಬಿದ ಕೊಡವನ್ನು ಒಂದು ಹನಿಯೂ ಚೆಲ್ಲದೆ ಮೇಲೆ ತಂದು, ನನ್ನ ಮುಂದೆ ಕುಕ್ಕಿದಳು.

"ಅಳೂದಾದ್ರೆ ಆಚೆ ಹೋಗಿ ಅಳಿ ವೈನಿ, ಹಂಡೆಗೆ ಬಿದ್ರೆ ಮತ್ತೆ ಉಪ್ಪು ಆಗ್ತದೆ."